ಬಡಗಣ ಗೋಡೆಯ ಕಾಲುಗಳು

ಇದು ನಮ್ಮ ಸೋದರತ್ತೆಯ ಗಂಡ ಇಥೆಲ್ ಮಾವನಿಗೆ ಆದದ್ದು. ಇದೇ ವೇಲ್ಸ್ ಕಣಿವೆಯಲ್ಲಿ. ದೀಪ ಸ್ವಲ್ಪ ಸಣ್ಣ ಮಾಡಿ.

ಇಗರ್ಜಿ ಪಕ್ಕದ ಡಾಕ್ಟರರನ್ನು ಕಾದು, ಔಷಧಿ ಸೀಸೆ ಜೇಬಿಗಿಟ್ಟು ಮಾವ ಹೊರಟಾಗ ರಾತ್ರಿ ಹತ್ತು ಹೊಡೆದಿತ್ತು. ಗೋರಿಗಳ ನಡುವಿನ ಯೂ ಮರ ದಾಟಿದ. ಬಾವಿ ದಾಟಿದ. ಹೊಳೆಯಾಚೆ ಮನೆಯಲ್ಲಿ ಮಗಳು ನೆಸ್ಟ್ ಉಸಿರಿಗೆ ಒದ್ದಾಡುತ್ತಿದ್ದಳು. ತಡವಾದರೆ ಉಳಿಯಲಾರಳು.

ಅಂದು ಹಗಲೆಲ್ಲ ಅವನು ಇಗರ್ಜಿಯ ಬಡಗಣ ಗೋಡೆಯ ಗಾರೆ ಕೀಳುತ್ತಿದ್ದ. ಹೊಸ ಪಾದ್ರಿಗೆ ಬರಿಗಲ್ಲಿನ ಗೋಡೆ ಬೇಕಂತೆ. ಪದರ ಪದರ ಸುಣ್ಣ ಉದುರಿದಾಗ ಬಾಗಿಲಿನ ಎದುರಿಗೇ ದೈತ್ಯನೊಬ್ಬನ ಚಿತ್ರ ಕಂಡಿತು. ಹೆಗಲ ಮೇಲೆ ಕೂಸು. ಮೊಣಕಾಲಿನವರೆಗೆ ಹೊಳೆ, ಅದರಲ್ಲಿ ಮೂರು ಮೀನು.

ಕಸ ಗುಡಿಸುತ್ತಿದ್ದ ಮಾರ್ಗೆಡ್ ಅಜ್ಜಿ ಪೊರಕೆ ಕೆಳಗಿಟ್ಟಳು.

"ಕ್ರಿಸ್ಟೋಫರ್ ಸಂತ ಕಣೋ. ಹೊಳೆ ದಾಟಿಸೋನು. ಮುಟ್ಟಬೇಡ."

"ಪಾದ್ರಿಗಳಿಗೆ ನೀನೇ ಹೇಳಜ್ಜಿ, ನಿನ್ನ ಪೊರಕೆಗೆ ಹೆದರ್ತಾರೆ."

"ನಗು, ನಗು. ನಿನ್ನ ಮನೇನೂ ಹೊಳೆಯಾಚೆಗೇ ಇರೋದು."

ಅವನು ಉಳಿ ಸುತ್ತಿಗೆ ಹಿಡಿದು ಏಣಿ ಹತ್ತಿ ಮೇಲಿಂದ ಒಡೆದ. ಮುಖ ಹೋಯಿತು. ಕೂಸು ಹೋಯಿತು, ಎದೆ ಹೋಯಿತು. ಬೆಳಕು ಸಾಲದೆ ಕಾಲುಗಳನ್ನು ನಾಳೆಗೆ ಬಿಟ್ಟ.

ಈಗ ದಡಕ್ಕೆ ಬಂದರೆ ದಾಟುಗಲ್ಲು ಒಂದೂ ಕಾಣದು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಸೇತುವೆ ಆರು ಮೈಲಿ ಕೆಳಗೆ.

ಆಗ, ಹಿಂದೆ... ಥಪ್.

ಒದ್ದೆ ಕಲ್ಲಿನ ಮೇಲೆ ಬರಿಗಾಲು. ಥಪ್... ಥಪ್...

"ಯಾರದು?"

ಉಸಿರಿನ ಸದ್ದೂ ಇಲ್ಲ. ಹೆಜ್ಜೆ ಮಾತ್ರ. ಅವನ ಪಕ್ಕದಲ್ಲೇ ಹಾದು ನೀರಿಗಿಳಿಯಿತು. ಜಳಕ್... ಜಳಕ್... ಸ್ವಲ್ಪ ದೂರ ಹೋಗಿ ನಿಂತಿತು. ಕಾಯುವ ಹಾಗೆ.

ಇಥೆಲ್ ಸೀಸೆಯನ್ನು ಎದೆಗೊತ್ತಿಕೊಂಡ. ಸದ್ದು ಇಳಿದಲ್ಲೇ ಕಾಲಿಟ್ಟ. ಗಟ್ಟಿ ನೆಲ ಸಿಕ್ಕಿತು. ಮುಂದೆ ಮತ್ತೆ... ಜಳಕ್. ಅಲ್ಲಿಗೆ ಇನ್ನೊಂದು ಹೆಜ್ಜೆ...

ಬಾಗಿಲು ತೆಗೆದ ಹೆಂಡತಿ ಲೌರಿ ಅವನ ಕಾಲನ್ನೇ ನೋಡಿದಳು.

"ಹೇಗ್ರೀ ದಾಟಿದ್ರಿ? ಬೂಟು ಒದ್ದೆನೇ ಆಗಿಲ್ಲ, ಮೇಲಿನ ಸುಣ್ಣದ ಪುಡಿ ಕೂಡ ಹಾಗೇ ಇದೆ!"

"ಆಮೇಲೆ ಹೇಳ್ತೀನಿ... ಮೊದಲು ಚಮಚ ತಾ."

ಬೆಳಗಿನ ಹೊತ್ತಿಗೆ ಮಗುವಿನ ಉಸಿರು ಸಲೀಸಾಯಿತು. ನೀರು ಇಳಿದ ಮೇಲೆ ಅವನು ಇಗರ್ಜಿಗೆ ಹೋದ, ಉಳಿದ ಗೋಡೆ ಮುಟ್ಟುವುದಿಲ್ಲ ಎಂದು ಹೇಳಲು. ಬಿಟ್ಟುಹೋದ ಗಾರೆ ಬಿಟ್ಟ ಹಾಗೇ ಇತ್ತು. ಉಳಿಯ ಗುರುತಿಲ್ಲ, ಒಂದು ಬಿರುಕಿಲ್ಲ. ಚಿತ್ರದ ಹೊಳೆ ಇತ್ತು. ಮೂರು ಮೀನೂ ಇದ್ದವು.

ಕಾಲುಗಳಿರಲಿಲ್ಲ.

ಸುಳ್ಳಲ್ಲ. ನೆಸ್ಟ್ ಇವತ್ತಿಗೂ ಇದ್ದಾಳೆ, ಹೋಗಿ ಕೇಳಿ. ಆ ಮೀನುಗಳನ್ನು ನಾನೇ ಎಣಿಸಿದ್ದೇನೆ.