ವಿಮಾನ ನಿಲ್ಲಿಸಿದಾಕಿ

ಕಲಘಟಗಿ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದ ಸಣ್ಣವ್ವನ ಬಾಜುವಿನಲ್ಲಿ ಕೂತ ಹುಡುಗಿ ವಿಮಾನ ನಡೆಸುವಾಕೆ. ಅದು ಸಣ್ಣವ್ವನಿಗೆ ತಿಳಿದದ್ದು, ಆಕೆ ತನ್ನ ಕಾಕಾನ ಜೊತೆ ಆಡಿದ ಮಾತಿನಿಂದ.

“ವಿಮಾನ ಇನ್ನೂ ನೆಲದ ಮ್ಯಾಲ ಹೊಂಟಿತ್ರಿ ಕಾಕಾ. ಒಮ್ಮೆಲೆ ಕರೆಂಟ್ ಹೋತು. ಪರದೆ ಎಲ್ಲಾ ಕಪ್ಪಾದ್ವು, ರೇಡಿಯೋನೂ ಬಂದ್ ಆತು. ನಾ ಬ್ರೇಕ್ ಹಿಡದು ನಿಲ್ಲಿಸಿಬಿಟ್ಟೆ.”

“ಮುಂದ?”

“ಸ್ವಲ್ಪ ಹೊತ್ತಿಗೆ ಕರೆಂಟ್ ತಾನ ಬಂತು. ಬಾಜೂಕ ಕುಂತ ಕ್ಯಾಪ್ಟನ್ ಸಾಹೇಬ್ರು, ತಡ ಆಗೇತಿ, ಏರಿಸೂಣು ಅಂದ್ರು. ಯಾಕ ಹೋತು ಅಂತ ಗೊತ್ತಾಗೂತನಕಾ ನಾ ಒಲ್ಲೆ ಅಂದೆ.”

“ಮಂದಿ ನಿನಗ ಕೈ ಮುಗದಿರಬೇಕು.”

“ಎಲ್ಲೀದ್ರಿ! ವಿಮಾನ ಏರಲಿಲ್ಲಂತ ಸಿಟ್ಟಾಗಿ, ಇಳಿಯೂ ಮುಂದ ಒಬ್ಬಾಂವ ನನ್ನ ಕಾಲ ಹತ್ರ ಉಗುಳಿ ಹೋದ.”

“ಥೂ ಅವನ! ಆಫೀಸಿನವ್ರು?”

“ಏನೂ ಕೆಟ್ಟಿದ್ದಿಲ್ಲ, ನಾನ ಅಂಜಿದೆ ಅಂತ ಒಪ್ಪಿಕೋಬೇಕಂತ. ಒಪ್ಪಲಿಲ್ಲ. ಮನಿಗೆ ಕಳಿಸ್ಯಾರ.”

ಕೇಳಿದ ಸಣ್ಣವ್ವನಿಗೇ ಆ ಮಂದಿಯ ಮೇಲೆ ಹೇಸಿಗೆ ಬಂತು. ಕಾಕಾ ಮಾತ್ರ ದನಿ ತಗ್ಗಿಸಿದ.

“ಒಪ್ಪಿಕೊಂಡಿದ್ರ ಏನ್ ಹೋಗ್ತಿತ್ತವಾ ಸೌಂದರ್ಯಾ? ನೌಕರಿ ಉಳೀತಿತ್ತು.”

ಹುಡುಗಿ ಅವನನ್ನೇ ನೋಡಿದಳು.

“ಆ ವಿಮಾನದಾಗ ನೀವ ಕುಂತಿದ್ರ ಹಿಂಗ ಅಂತಿದ್ರೇನ್ರಿ?”

ಅಷ್ಟರಲ್ಲಿ ಬಸ್ ಬಂತು. ಕಾಕಾನ ಕೈಯಲ್ಲಿದ್ದ ತನ್ನ ಬ್ಯಾಗನ್ನು ಕಸಿದುಕೊಂಡು ಆಕೆ ಹತ್ತಿದಳು. ಬೆನ್ನಿಗೇ ಹತ್ತಿದ ಕಾಕಾ ಬಾಜುವಿಗೆ ಕೂಡಲು ಬಗ್ಗಿದಾಗ, ಬ್ಯಾಗನ್ನು ಆ ಸೀಟಿನ ಮೇಲಿಟ್ಟಳು.

“ಹಿಂದ ಜಾಗಾ ಐತಿ, ಹೋಗ್ರಿ.”