ಜೋಗಪ್ಪ ಕೇಳಿದ ಓಟು

ತಳಕಿನ ಚಿಕ್ಕಕ್ಕನ ಜಗುಲಿಯಲ್ಲಿ ಆ ಸಂಜೆ ಏಳೆಂಟು ಜನ ಮಳೆಗೆ ಸಿಕ್ಕಿ ಕುಳಿತಿದ್ದರು. ಹಿಂಗಾರು ಬಿದ್ದ ಖುಷಿಗೆ ಮುದುಕಿ ಹುರುಳಿ ಹುರಿದು ಎಲ್ಲರ ಕೈಗೂ ಹಾಕಿದಳು. ತೀರಿಹೋದ ಅವಳ ಗಂಡ ಓಬಯ್ಯನ ಸುದ್ದಿಯನ್ನು ಯಾರೋ ಎತ್ತಿದರು. ಚಿಕ್ಕಕ್ಕ ಗೋಡೆಗೆ ಒರಗಿದಳು.

“ದೆವ್ವ ಅಂದ್ರೆ ಕತ್ತಲಾಗೆ ಬರ್ತೈತೆ ಅಂತೀರಲ್ಲ... ನಮ್ಮನೆಗೆ ಬಂದಿದ್ದು ಮಟಮಟ ಮಧ್ಯಾಹ್ನ ಕಣ್ರಪ್ಪ. ಹುಲ್ಲುಗಾವಲು ಕಾಯೋನ್ನ ಯಾರೋ ಕೊಂದು ಹಾಕಿದ್ರು. ನಮ್ಮ ಯಜಮಾನ್ರು ಹೊಲದಿಂದ ಬರೋವಾಗ ಮಬ್ಬಿನಾಗೆ ಕಂಬಳಿ ಹೊದ್ದೋನೊಬ್ಬ ಓಡಿದ್ದು ಕಂಡ್ರು. ಮುಖ ಕಂಡ್ರಾ? ಇಲ್ಲ. ಕಂಬಳಿ ಕಂಡ್ರು. ಅಂಥ ಕಂಬಳಿ ಕುರಿ ಕಾಯೋ ಜೋಗಪ್ಪನ್ದು ಅಂತ, ದುರ್ಗದ ಕೋರ್ಟಿನಾಗೆ ‘ಅವ್ನೇ’ ಅಂದುಬಿಟ್ರು. ಗಲ್ಲಾಯ್ತು. ಮಾರನೇ ವರ್ಷ ಮೊಳಕಾಲ್ಮೂರಿನ ಆಚೆಯೋನೊಬ್ಬ ಸಾಯೋ ಮುಂದೆ ‘ನಾನೇ ಕೊಂದೆ’ ಅಂತ ಬಾಯಿಬಿಟ್ಟ... ಜೋಗಪ್ಪ ಜೈಲಾಗಿದ್ದಿದ್ರೆ ಬಾಗ್ಲು ತೆಗೀಬೋದಿತ್ತು. ಕುಣಿಕೆ ಬಿಗಿದ ಮ್ಯಾಲೆ ಯಾರು ಬಿಚ್ತಾರೆ?

ಆವತ್ತಿಂದ ಯಜಮಾನ್ರು ಅನ್ನ ಬಿಟ್ರು. ಒಂದಿನ ಮಧ್ಯಾಹ್ನ ಅಂಗಳದ ಕಲ್ಲಿನ ಮ್ಯಾಲೆ ಕುಂತವ್ರೆ, ಮಗ್ಗುಲಾಗೆ ಜೋಗಪ್ಪ ಕುಂತವ್ನೆ. ನಾನೂ ಕಂಡೀನಿ. ಬೈಲಿಲ್ಲ, ಬೆದರಿಸ್ಲಿಲ್ಲ. ಉರಿಬಿಸ್ಲಾಗೆ ನೆರಳು ಒಂದೇ ಬಿದ್ದಿತ್ತು, ಅಷ್ಟೇ. ದಿನಾ ಬರೋನು, ಸುಮ್ನೆ ಕೂರೋನು...

ದಸರಾದಾಗೆ ಮೈಸೂರಿನಾಗೆ ಮಹಾರಾಜ್ರು ಕೂಡಿಸೋ ಪ್ರಜೆಗಳ ಸಭೆಗೆ, ನಮ್ಮ ಕಡೆಯಿಂದ ಆಳು ಆರಿಸೋ ಕಾಲ ಬಂತು. ಹೊಲ ಇದ್ದ ಗಂಡಸ್ರಿಗಷ್ಟೇ ಓಟು. ರಸ್ತೆ ಹಾಕಿಸ್ತೀನಿ ಅಂದ ಸಾಹುಕಾರ ಶಿವಮೂರ್ತಪ್ಪಗೆ ಊರೆಲ್ಲ ಮಾತು ಕೊಟ್ಟಿತ್ತು, ಇವ್ರೂ ಕೊಟ್ಟಿದ್ರು. ವಕೀಲ ಮುರುಗೇಂದ್ರಪ್ಪನೋರು ಮಾತ್ರ, ಗಲ್ಲು ಬ್ಯಾಡ ಅಂತ ಕಾಯಿದೆ ಮಾಡ್ರಿ ಅಂತ ಅಲ್ಲಿ ಕೇಳ್ತೀನಿ ಅಂದ್ರು. ಜನ ನಕ್ರು.

ಓಟಿನ ದಿನ ಯಜಮಾನ್ರು ನಡ್ಕೊಂಡೇ ಚಳ್ಳಕೆರೆಗೆ ಹೊಂಟ್ರು. ಜೋಗಪ್ಪನೂ ಹೊಂಟ. ಕಚೇರಿ ಬಾಗ್ಲಾಗೆ ಅವ್ನು ಮೊದಲ್ನೇ ಸಲ ಬಾಯಿ ತೆಗೆದ್ನಂತೆ: ‘ಓಬಯ್ಯಣ್ಣ, ನಂಗೆ ಓಟಿಲ್ಲ. ನಿಂಗೈತೆ.’

ಒಳಗೆ ಎಲ್ರ ಮುಂದೆ ಹೆಸ್ರು ಹೇಳ್ಬೇಕಿತ್ತು. ಸಾಹುಕಾರ್ರು ಎದುರಿಗೇ ಕುಂತಿದ್ರು. ‘ನೋಡ್ದೆ ಇರೋದನ್ನ ನೋಡ್ದೆ ಅಂದೆ. ಒಬ್ಬ ಸತ್ತ. ನನ್ನ ಓಟು ಮುರುಗೇಂದ್ರಪ್ಪನೋರಿಗೆ’ ಅಂದ್ರು ಯಜಮಾನ್ರು. ಆಮ್ಯಾಲೆ ಹಿಂದಿದ್ದೋರು ಒಬ್ಬೊಬ್ರೇ ಅದೇ ಹೆಸ್ರು ಹೇಳಿದ್ರು... ವಕೀಲ್ರು ಗೆದ್ರು. ಕಾಯಿದೆ ಆಯ್ತಾ? ಆಗ್ಲಿಲ್ಲ. ಅವ್ರು ಕೇಳಿದ್ರು, ಸರ್ಕಾರ ಸುಮ್ನಾಯ್ತು. ಮುಂದಿನ ಸಲ ಮತ್ತೆ ಅವ್ರನ್ನೇ ಕಳ್ಸಿದ್ರು. ಆದ್ರೆ ಆ ಓಟಿನ ದಿನ ಯಜಮಾನ್ರು ಮನೆಗೆ ಬಂದು ಎರಡು ಮುದ್ದೆ ಉಂಡ್ರು, ಮಗು ಹಂಗೆ ಮಲಗಿದ್ರು. ಜೋಗಪ್ಪ ಮತ್ತೆ ನಮ್ಮ ಅಂಗಳಕ್ಕೆ ಬರ್ಲಿಲ್ಲ, ಇವ್ರು ಸಾಯೋವರ್ಗೂ ನೆಮ್ಮದಿಯಾಗೇ ಇದ್ರು.”

ಮಳೆ ನಿಂತಿತ್ತು. ಎಲ್ಲರ ಮುಖವೂ ಹಗುರಾಗಿತ್ತು. ಮರುದಿನ ಗಾಡಿ ಕಟ್ಟಿಕೊಂಡು ಓಟಿಗೆ ಹೋಗಬೇಕಿದ್ದ ಗಾದ್ರಪ್ಪ ಏಳುತ್ತಾ, “ಅಂತೂ ಜೋಗಪ್ಪಗೆ ಮುಕ್ತಿ ಸಿಕ್ತು ಬಿಡವ್ವ” ಎಂದ.

“ಹಂಗಂತ ಯಾರಂದ್ರು?” ಚಿಕ್ಕಕ್ಕ ಮೆಲ್ಲಗೆ ನಕ್ಕಳು. “ಕಾಯಿದೆ ಇನ್ನೂ ಆಗಿಲ್ವಲ್ಲ... ನಾಳೆ ದಾರಿನಾಗೆ ಎತ್ತು ತಾವಾಗೇ ನಿಂತ್ರೆ ಹೊಡೀಬ್ಯಾಡ ಗಾದ್ರಪ್ಪ. ಗಾಡಿ ಹತ್ತೋನು ಹತ್ಕೊಳ್ಲಿ.”