ಫಕೀರವ್ವನ ಉಡಿಯಕ್ಕಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಲಂಡನ್ನಿನ ಇಲ್ಫರ್ಡ್‌ನ ಸಾಲುಮನೆಗಳನ್ನು ಬಿಟ್ಟಿರಲಿಲ್ಲ. ಅಂಕಿತಾಳ ಮನೆಯ ಮುಂದಿನ ಕೋಣೆಯಲ್ಲಿ ಮಿರ್ಚಿ ಭಜಿಯ ಘಮಲು, ರೇಡಿಯೇಟರಿನ ಮೇಲೆ ಒಣಗಹಾಕಿದ ಕೋಟುಗಳ ವಾಸನೆ, ಕಾರ್ಪೆಟ್ಟಿನ ತುಂಬ ಮಕ್ಕಳು. ಸ್ಫೂರ್ತಿ ಸೋಫಾದ ಮೂಲೆ ಹಿಡಿದು, ನಿದ್ದೆಹೋದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದೇ ಕೈಯಲ್ಲಿ ಭಜಿ ಮುರಿಯುತ್ತಿದ್ದಳು. ಅವಳೂ ಗಂಡ ಶಶಿಧರನೂ ಲಂಡನ್ನಿನ ಇನ್ನೊಂದು ತುದಿಯ ಪಿನ್ನರ್‌ನಲ್ಲಿ ಮನೆ ಕೊಂಡ ಮೇಲೆ ಗೆಳತಿಯ ಮನೆಗೆ ಬಂದದ್ದು ಇದೇ ಮೊದಲು.

"ಹೊಸಾ ಮನಿ ಹೆಂಗೈತಿ?" ಎಂದಳು ಅಂಕಿತಾ.

"ಛಲೋ ಐತಿ. ಇಲಿ ಕಾಟ ಒಂದ ನೋಡು. ಮ್ಯಾಲ ಹತ್ತೂ ಪಾವಟಿಗಿ ಕೆಳಗ ದಿನಾ ಅಕ್ಕಿ ಕಾಳು ಚೆಲ್ಲಿರ್ತಾವ. ಬಸಲಿಂಗವ್ವ ಬಳದು ಬಳದು ಇಡ್ತಾಳ, ಮತ್ತ ಬೀಳ್ತಾವ."

ಬಸಲಿಂಗವ್ವ ಎಂದರೆ ಕೂಸನ್ನು ನೋಡಿಕೊಳ್ಳಲು ಬೈಲಹೊಂಗಲದ ಕಡೆಯಿಂದ ಕರೆಸಿಕೊಂಡಿದ್ದ ಹೆಂಗಸು. ಅವಳನ್ನು ಯಾಕೆ ಕರೆತರಲಿಲ್ಲ ಎಂದು ಅಂಕಿತಾ ಕೇಳಿದಳು.

"ಬ್ಯಾಡ ಬಿಡವಾ. ನಾಕ ಮಂದಿ ಕೂಡ ಮಾತಾಡಿದ್ರ ಇಲ್ಲದ್ದು ತಲ್ಯಾಗ ತುಂಬ್ತಾರ. ಹೊರಗಿಂದ ಡಬಲ್ ಲಾಕ್ ಹಾಕಿ ಬಂದೇವಿ. ಪಾಸ್‌ಪೋರ್ಟೂ ನನ್ನ ಬ್ಯಾಗಿನ್ಯಾಗ ಐತಿ, ಪಾಪ, ಎಲ್ಲೆರೆ ಕಳಕೊಂಡಾಳು ಅಂತ." ಸ್ಫೂರ್ತಿ ಇದನ್ನು ಬಹಳ ಸಹಜವಾಗಿ ಹೇಳಿದಳು. ಶಶಿಧರ ತನ್ನ ಫೋನು ತಟ್ಟಿ, "ಡೋರ್‌ಬೆಲ್ ಕ್ಯಾಮೆರಾ ಐತಿ, ಚಿಂತಿಲ್ಲ" ಎಂದ.

ಕಿಟಕಿಯ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದ ರತ್ನವ್ವನ ಕೈ ನಿಂತಿತು. ಈ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದವಳು ಅವಳು. ಅರ್ಧ ಇಲ್ಫರ್ಡ್‌ಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು, ಎಲ್ಲರಿಗೂ ಆಯಿ ಆಗಿದ್ದಳು. ಲಂಡನ್ನಿಗೆ ಹೇಗೆ ಬಂದಳೆಂದು ಯಾರೂ ಕೇಳಿರಲಿಲ್ಲ.

"ಆಯಿ, ಗೋಸ್ಟ್ ಸ್ಟೋರಿ ಪ್ಲೀಸ್!" ಎಂದವು ಮಕ್ಕಳು. "ನಾಟ್ ದ ಮಂಕಿ ಒನ್!"

"ಮಂಗ್ಯಾನ ಮಕ್ಕಳ್ರ್ಯಾ, ಮಂಗ್ಯಾನ ಕತಿ ಬ್ಯಾಡಂತ!" ರತ್ನವ್ವ ನಕ್ಕಳು. ಆಮೇಲೆ ಸ್ಫೂರ್ತಿಯ ಕಡೆ ನೋಡಿದಳು, ನಗು ಇರಲಿಲ್ಲ. "ಹೇಳ್ತೇನಿ. ಗಪ್ಪ ಕುಂದರ್ರಿ. ನಡಬರಕ ಮುಂದೇನಾತು ಮುಂದೇನಾತು ಅಂತ ನನ್ನ ಜೀವಾ ತಿನಬಾರದು ಮತ್ತ..."

ಹೊರಗೆ ಮಳೆ ಇನ್ನಷ್ಟು ಜೋರಾಯಿತು. ಅಂಕಿತಾ ಟೀವಿ ಆರಿಸಿದಳು.

"ನಿಮ್ಮವ್ವಗೋಳು ಇನ್ನೂ ಸಾಲಿ ಕಲಿಯಾಕತ್ತಿದ್ದಾಗಿನ ಮಾತಿದು. ನನ್ನ ಗಂಡ ತೀರಿಕೊಂಡು ವರ್ಷಾ ತುಂಬಿದ್ದಿಲ್ಲ... ನಮ್ಮೂರ ಕಡಿಯ ದೊಡ್ಡ ಮನಿತನದವ್ರು ಬಂದ್ರು, ಹೆಸರ ಬ್ಯಾಡ ಬಿಡ್ರಿ, ಹೆಸರ ತಗೊಂಡ್ರ ಉಂಡದ್ದು ಕರಗಂಗಿಲ್ಲ ನನಗ... ಬಂದು, ರತ್ನವ್ವ, ಲಂಡನ್ನಿಗೆ ಬಾ, ಅಡಗಿ ಮಾಡ್ಕೊಂಡು ಆರಾಮ ಇರು, ಮಗಳಂಗ ನೋಡ್ಕೋತೇವಿ ಅಂದ್ರು. ಮಗಳಂಗ! ಏನ ಸಕ್ಕರಿ ಮಾತಪಾ ಅದು! ವಿಮಾನ ಇಳದ ಕೂಡ್ಲೆ ಆ ಮನಿ ಬಾಯಾರು ಕೈ ಮುಂದ ಮಾಡಿದ್ರು, 'ಕೊಡಿಲ್ಲೆ ಪಾಸ್‌ಪೋರ್ಟು, ನೀ ಕಳಕೋತಿ' ಅಂತ. ನಾ ಖುಷೀಲೆ ಕೊಟ್ಟೆ. ಎಷ್ಟ ಕಾಳಜಿ ಮಾಡ್ತಾರವಾ ಇವ್ರು ಅನಕೊಂಡೆ..."

ಸ್ಫೂರ್ತಿ ಭಜಿಯನ್ನು ತಟ್ಟೆಯಲ್ಲಿಟ್ಟಳು. ಇದು ತನಗೇ ಹೇಳುತ್ತಿರುವ ಮಾತೇ ಎಂದು ಸಿಟ್ಟು ಬಂತು. ತಾನೇನು ಯಾರಿಗೂ ಕೈಯೆತ್ತಿದವಳಲ್ಲ. ಬಸಲಿಂಗವ್ವನಿಗೆ ಹೊಸ ಶಾಲು ಕೊಡಿಸಿದ್ದಳು.

"ಮನಿ ಪಿನ್ನರಿನ್ಯಾಗ. ಮುಂಬಾಗಲದ ಮ್ಯಾಲ ಬಣ್ಣದ ಗಾಜು, ಅದರಾಗ ಒಂದು ಹಡಗ ಹೊಂಟೈತಿ. ಬಿಸಲ ಬಿದ್ರ ಪಡಸಾಲ್ಯಾಗ ನೀಲಿ ನೀರ ಚೆಲ್ಲಿದಂಗ ಕಾಣ್ತಿತ್ತು. ಆ ಮನ್ಯಾಗ ನನ್ನ ಕಣ್ಣಿಗೆ ಚಂದ ಕಂಡಿದ್ದು ಅದೊಂದ. ನನ್ನ ಮಲಗೂ ಜಾಗಾ ಎಲ್ಲಿ? ಪಾವಟಿಗಿ ಕೆಳಗ, ಕಸಬರಿಗಿ ಬಕೀಟು ಇಡೂ ಸಂದ್ಯಾಗ. ಕಾಲ ಚಾಚಿದ್ರ ಬಾಗಲಾ ಮುಚ್ಚತಿದ್ದಿಲ್ಲ. ಒಂದಿನಾ ಕಸದ ಡಬ್ಬಿ ಹೊರಗಿಡಾಕ ಹೋದಾಗ ಬಾಜೂಮನಿ ಮುದುಕಿ 'ಹಲೋ' ಅಂದ್ಲು. ನಾನೂ 'ಹಲೋ' ಅಂದೆ. ಆ ಒಂದ ಹಲೋಕ್ಕ ನನಗ ಎರಡು ಹೊತ್ತ ಕೂಳ ಹಾಕಲಿಲ್ಲ... ಜೀತ ಅಂದ್ರ ಕಾಲಾಗ ಸರಪಳಿ ಇರ್ತಾವ ಅನಕೊಂಡಿದ್ದೆ ನಾ. ಸರಪಳಿ ಯಾಕ ಬೇಕವಾ? ಭಾಷಾ ಬರಂಗಿಲ್ಲ, ಕೈಯಾಗ ಕಾಗದಿಲ್ಲ, ಹೊರಗ ಕಾಲಿಟ್ರ ಪೊಲೀಸ್ರು ಒಯ್ತಾರ ಅಂತ ಹೊತ್ತು ಮುಳುಗಿದ್ರ ಹೆದರಸ್ತಿದ್ರು. ಅವ್ರು ಹೊರಗ ಹೋಗೂ ಮುಂದ ಬಾಗಲಕ್ಕ ಕೀಲಿ. ಒಳಗ ನಾ ಒಬ್ಬಾಕಿ."

ಸ್ಫೂರ್ತಿಯ ಮನೆಯ ಬಾಗಿಲ ಮೇಲೂ ಹಡಗಿತ್ತು. ಆದರೆ ಆ ರಸ್ತೆಯ ಎಷ್ಟೋ ಮನೆಗಳಿಗೆ ಅಂಥದೇ ಹಳೇ ಗಾಜು ಇದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಗಂಡನ ಕಡೆ ನೋಡಿದಳು; ಅವನು ಕಣ್ಣು ತಪ್ಪಿಸಿದ.

"ಹಿಂಗ ಒಂದು ಮಧ್ಯಾನ... ಇಂಥಾದ್ದ ಮಳಿ... ಒಬ್ಬಾಕಿನ ಪಾತ್ರಿ ತಿಕ್ಕಾಕತ್ತೇನಿ, ಚರ್... ಚರ್... ಅಂತ ಸಪ್ಪಳಾತು. ಮೊರದಾಗ ಅಕ್ಕಿ ಹಸನ ಮಾಡೂ ಸಪ್ಪಳ. ಆ ಮನ್ಯಾಗ ಮೊರಾ ಎಲ್ಲೀದು? ಅಕ್ಕಿ ಬರತಿದ್ದದ್ದು ಪ್ಲಾಸ್ಟಿಕ್ ಚೀಲದಾಗ, ಒಂದು ಕಲ್ಲಿಲ್ಲ, ನುಚ್ಚಿಲ್ಲ! ಹೋಗಿ ನೋಡ್ತೇನಿ... ನನ್ನ ಹಾಸಗಿ ಮ್ಯಾಲ ಒಬ್ಬ ಮುದುಕಿ ಕುಂತಾಳ. ಮಾಸಿದ ಇಳಕಲ್ ಸೀರಿ, ಅದರ ಮ್ಯಾಲ ಯಾವನೋ ಗಂಡಸಿನ ಸ್ವೆಟರು, ತೋಳ ಉದ್ದಾಗಿ ಬೆರಳ ಮುಚ್ಚ್ಯಾವ, ಬರಿಗಾಲು. ತಲಿ ಎತ್ತಿ, 'ಹೆದರಬ್ಯಾಡ ಯವ್ವಾ, ನಾ ಫಕೀರವ್ವ, ನವಲಗುಂದದ ಕಡಿಯಾಕಿ. ನಿನಕಿಂತ ಮೊದಲ ಇಲ್ಲಿದ್ದೆ' ಅಂದ್ಲು.

"ನಾ ಹೆದರಿದ್ನೇನ? ಖರೇ ಹೇಳ್ತೇನಿ, ಇಲ್ಲ... ಆ ಮನಿಗೆ ಬಂದ ಮ್ಯಾಲ ಯಾರೂ ನನ್ನ ಯವ್ವಾ ಅಂದಿದ್ದಿಲ್ಲ. ಅಲ್ಲೇ ನೆಲದ ಮ್ಯಾಲ ಕುಂತು ಗಳಗಳ ಅತ್ತಬಿಟ್ಟೆ. ಅಕಿನೂ ಅತ್ಲು. ಅಕಿಗೆ ಜ್ವರ ಬಂದಿತ್ತಂತ. 'ಜಿಪಿ ಡಾಕ್ಟರ ಕಡೆ ಕರ್ಕೊಂಡು ಹೋಗ್ರೀ' ಅಂತ ಕೈ ಮುಗದ್ಲಂತ. ಅಲ್ಲಿ ಹೋದ್ರ ಯಾರು, ಎಲ್ಲ್ಯಾಕಿ ಅಂತ ಕೇಳ್ತಾರಲ್ಲ? ಗುಳಿಗಿ ನುಂಗಿಸಿ ಮಲಗಸಿದ್ರಂತ. ನಾ ದಿನಾ ಬೆನ್ನ ಹಚ್ಚತಿದ್ದ ಹಾಸಗಿ ಮ್ಯಾಲನ ಅಕಿ ಜೀವಾ ಬಿಟ್ಟಿದ್ಲು. ಊರಾಗ ಅಕಿಗೆ ಮಗಳೊಬ್ಬಾಕಿ ಇದ್ಲಂತ. 'ಅಕಿ ನಾ ಬರ್ತೇನಂತ ದಾರಿ ನೋಡ್ತಿರಬೇಕಲ್ಲಾ' ಅಂತ ದಿನಾ ಅಂತಿದ್ಲು. ನಾ ಏನ ಹೇಳ್ಲಿ ಅಕಿಗೆ, ನೀವ ಹೇಳ್ರಿ?"

ಮಕ್ಕಳು ಒಂದಕ್ಕೊಂದು ಅಂಟಿ ಕುಳಿತಿದ್ದವು. ರತ್ನವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಒಮ್ಮೆ ಕೇಳಿದೆ, 'ನೀ ಯಾವಾಗ್ಲೂ ಹಿಂಗ ಎದ್ದು ಕುಂತಿರ್ತಿ ಏನ ಬೇ?' ಅಂತ. 'ಇಲ್ಲವಾ' ಅಂದ್ಲು. 'ಯಾರೂ ಇರದಿದ್ರ ಮಲಗಿಬಿಡ್ತೇನಿ. ಈ ಮನ್ಯಾಗ ಒಬ್ಬಾಕಿ ಕೀಲಿ ಬಿದ್ದು ಕುಂತ್ಲಂದ್ರ ಮಾತ್ರ ನನಗ ನಿದ್ದಿ ಹತ್ತಂಗಿಲ್ಲ. ಎದ್ದು ಅಕ್ಕಿ ಹಸನ ಮಾಡ್ತೇನಿ, ಅಕಿನ್ನ ಕಳಸಬೇಕಲ್ಲಾ...'"

ಸ್ಫೂರ್ತಿಗೆ ನೆನಪಾಯಿತು. ಪೆಸ್ಟ್ ಕಂಟ್ರೋಲಿನವನು ಮೊನ್ನೆ ಬಂದು, ಇಲಿಯ ಹಿಕ್ಕೆ ಒಂದೂ ಇಲ್ಲ ಮೇಡಮ್ ಎಂದು ಹೇಳಿ ಹೋಗಿದ್ದ.

"ಒಂದಿನಾ ಅವರೆಲ್ಲಾ ಫೆಲ್ಥಮ್ ಕಡೆ ಯಾವ್ದೋ ಮದವಿಗೆ ಹ್ವಾದ್ರು. ಕೀಲಿ ತಿರುವಿದ ಸಪ್ಪಳ ಕೇಳಿದೆ. ಫಕೀರವ್ವ ಬಂದು, 'ಏಳು, ಹೊಂಟೇಳು. ಸೆರಗ ಒಡ್ಡು, ಉಡಿ ತುಂಬ್ತೇನಿ' ಅಂದ್ಲು. ಹುಡುಗ್ರ್ಯಾ, ಉಡಿ ತುಂಬೂದಂದ್ರ ಗೊತ್ತೈತೇನ ನಿಮಗ? ಹೆಣ್ಮಗಳು ತೌರಮನಿ ಬಿಟ್ಟು ಹೊಂಟ್ಲಂದ್ರ ಸೆರಗಿನ್ಯಾಗ ಅಕ್ಕಿ ಹಾಕಿ ಕಳಸ್ತೇವಿ. ಹೊಂಟಾಕಿ ಅದರಾಗಿಂದ ಒಂದು ಹಿಡಿ ತಿರುಗಿ ಕೊಟ್ಟು ಹೋಗ್ತಾಳ, ಮನಿ ತಣ್ಣಗಿರಲಿ ಅಂತ. ನಾ ಅಂದೆ, 'ಅಲ್ಲಬೇ, ನಾ ಗಂಡ ಸತ್ತಾಕಿ, ನನಗೆಲ್ಲೀ ಉಡಿ?' 'ನಾನೂ ಗಂಡ ಸತ್ತಾಕಿನ' ಅಂದ್ಲು. 'ಹೆಣ್ಮಗಳನ್ನ ಬರೇ ಉಡೀಲೆ ಹೊಸ್ತಿಲಾ ದಾಟಸಬಾರದವಾ. ನನ್ನ ಹಂಗ ದಾಟಿಸಿದ್ರು... ಹೆಣಾ ಹೋತು, ನಾ ಇಲ್ಲೇ ಉಳದೆ.'

"ಹಿಡಿ ಹಿಡಿ ತುಂಬಿದ್ಲು. ಅಕ್ಕಿ ಎಷ್ಟ ತಣ್ಣಗಿದ್ವು ಅಂದ್ರ... ಹೊಟ್ಟಿಗೆ ಹತ್ತಿದ್ದು ಈಗೂ ನೆನಪೈತಿ. ನಾ ಅಕಿ ಕೈ ಹಿಡ್ಯಾಕ ಹೋದೆ, ಕೈಯಾಗ ಏನೂ ಸಿಗಲಿಲ್ಲ. 'ನೀನೂ ಬಾರಬೇ, ನಾ ತುಂಬ್ತೇನಿ ನಿನ್ನ ಉಡಿ' ಅಂದೆ. ಅಕಿ ನನ್ನ ಮಾರಿ ನೋಡಿದ್ಲು... ನೋಡಿ, ಸೆರಗ ಒಡ್ಡಿದ್ಲು. ಸಣ್ಣ ಹುಡುಗಿ ಒಡ್ಡಿದಂಗ ಆಶಾಲೆ ಒಡ್ಡಿದ್ಲವಾ! ನಾ ಒಂದು ಹಿಡಿ ಹಾಕಿದೆ. ನಿಂದರಲಿಲ್ಲ. ಸೆರಗಿನಾಗಿಂದ ಹಾಯ್ದು ನೆಲಕ್ಕ ಬಿತ್ತು, ಚರ್ ಅಂತ. ಇನ್ನೊಂದು ಹಿಡಿ ಹಾಕಿದೆ, ಅದೂ ಬಿತ್ತು. 'ಸಾಕ ಬಿಡು' ಅಂದ್ಲು. 'ನಿನ್ನವು ಚೆಲ್ಲಬ್ಯಾಡ. ಹೋಗು.' ತಿರುಗಿ ನೋಡಿದ್ರ... ಎರಡು ಕೀಲಿ ಹಾಕಿದ ಬಾಗಲಾ, ಹಾರು ಹೊಡದು ತೆರದಿತ್ತು."

ಕೂಸು ಒಮ್ಮೆ ಮಿಸುಕಿ ಮತ್ತೆ ಮಲಗಿತು.

"ರೈಲಿನ ಸಪ್ಪಳಾ ಹಿಡದು ನಡದೆ, ಉಡಿ ಗಟ್ಯಾಗಿ ಹಿಡಕೊಂಡು. ಟೇಷನ್ನಿನ್ಯಾಗ ಕೆಲಸಾ ಮಾಡೂ ಹೆಣ್ಮಗಳೊಬ್ಬಾಕಿ, ಆಫ್ರಿಕಾದಾಕಿ ಅಂತ ಆಮ್ಯಾಲ ತಿಳೀತು, ಅಕಿ ಏನ ಕೇಳಿದ್ಲೋ ನನಗ ತಿಳೀಲಿಲ್ಲ. ನನ್ನ ಬರಿಗಾಲ ನೋಡಿದ್ಲು, ಉಡ್ಯಾಗಿನ ಅಕ್ಕಿ ನೋಡಿದ್ಲು. ತನ್ನ ಕೋಟ ಬಿಚ್ಚಿ ನನಗ ಹೊಚ್ಚಿದ್ಲು, ಚಾ ಕುಡಿಸಿದ್ಲು, ಆಮ್ಯಾಲ ಫೋನ್ ಹಚ್ಚಿದ್ಲು. ಪೊಲೀಸ್ರು ಬಂದ್ರು. ಒಯ್ತಾರ ಅಂತ ಆ ಹೆಣ್ಮಗಳ ಹಿಂದ ಅಡಗಿ ನಿಂತೆ. ಅವ್ರು ಕನ್ನಡ ಬರೂ ತಂಗಿ ಒಬ್ಬಾಕಿನ್ನ ಫೋನಿನ್ಯಾಗ ಕರಸಿ ಕೇಳಿದ್ರು, ಬಾಗಲಾ ಯಾರು ತೆರದ್ರು? ನಾ ಇದ್ದದ್ದ ಹೇಳಿದೆ, ಫಕೀರವ್ವ ಅಂತ. ಅಯ್ಯೋ, ಒಳಗ ಇನ್ನೊಬ್ಬಾಕಿ ಅದಾಳ ಅಂತ ತಿಳದು, ಆ ಮನಿ ಅಟ್ಟಾ ಸೈತ ಬಿಡದ ಹುಡುಕಿದ್ರಂತ ಪಾಪ. ಸಿಕ್ಕಿದ್ದೇನ? ಪಾವಟಿಗಿ ಕೆಳಗ ಎರಡು ಹಿಡಿ ಅಕ್ಕಿ.

"ನಮ್ಮಂಥಾ ಹೆಣ್ಣಮಕ್ಕಳನ್ನ ಇಡೂ ಒಂದು ಮನಿಗೆ ನನ್ನ ಕಳಸಿದ್ರು. ಅಲ್ಲಿ ಆ ಉಡಿಯಕ್ಕಿ ಕುದಿಸಿ ಉಂಡೆ. ಹೊಟ್ಟಿ ತುಂಬ, ಕುರ್ಚಿ ಮ್ಯಾಲ ಕುಂತು, ಯಾರೂ ಒದರದಂಗ... ಮೊದಲನೇ ತುತ್ತ ಅಕಿ ಹೆಸರೀಲೆ ಬಾಜೂ ಎತ್ತಿ ಇಟ್ಟೆ. ಮನಿಯವರಿಗೆ ಶಿಕ್ಷಾ ಆತು, ಮನಿ ಮಾರಿದ್ರು. ಅಕಿ ಮಲಗಿರಬೇಕು ಅನಕೊಂಡಿದ್ದೆ, ಇಷ್ಟು ವರ್ಷ."

ರತ್ನವ್ವ ಬೆಳ್ಳುಳ್ಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಸ್ಫೂರ್ತಿ, ನಿಮ್ಮನ್ಯಾಗ ಇಲಿ ಯಾವಾಗಿಂದ ಬಂದಾವ ತಂಗಿ?"

"ನಾವು ಬಂದಾಗ ಇದ್ದಿಲ್ಲ ಆಯಿ..." ಸ್ಫೂರ್ತಿಯ ದನಿ ಸಣ್ಣದಾಯಿತು. "ಬಸಲಿಂಗವ್ವ ಬಂದ ಮರದಿವ್ಸದಿಂದ."

"ಎಷ್ಟ ಬಿದ್ದಿರ್ತಾವ?"

"ಮೊದಲ ಒಂದೊಂದ ಕಾಳು. ಇವತ್ತ... ಹಿಡಿ ತುಂಬ ಇದ್ವು."

ಸ್ಫೂರ್ತಿ ಕಾಲ ಬಳಿಯ ತನ್ನ ಕೈಚೀಲದತ್ತ ನೋಡಿದಳು. ಅದರಲ್ಲಿ ಒಬ್ಬ ಹೆಂಗಸಿನ ಪಾಸ್‌ಪೋರ್ಟು ಇತ್ತು, ಅವಳನ್ನು ಒಳಗಿಟ್ಟು ಬಂದ ಬೀಗದ ಕೈ ಇತ್ತು. ಇಷ್ಟು ದಿನ ಅದನ್ನು ಕಾಳಜಿ ಎಂದು ಕರೆದುಕೊಂಡದ್ದಕ್ಕೆ ಸ್ಫೂರ್ತಿಗೆ ನಾಚಿಕೆಯಾಯಿತು. "ಶಶಿ, ಏಳ್ರೀ. ಮನೀಗೆ ಹೋಗೂಣು. ಈಗ" ಎಂದಳು.

ಶಶಿಧರ ಏಳುವಷ್ಟರಲ್ಲಿ ಅವನ ಫೋನು ಟಿಣ್ ಎಂದಿತು. ಮುಂಬಾಗಿಲಿನಲ್ಲಿ ಯಾರೋ ಇದ್ದಾರೆಂಬ ಸೂಚನೆ. ಅವನು ನೋಡಿ ಫೋನನ್ನು ಹೆಂಡತಿಗೆ ಕೊಟ್ಟ. ಪಿನ್ನರ್‌ನ ಮಳೆಯಲ್ಲಿ, ಅವರ ಬಾಗಿಲ ಮುಂದಿನ ದೀಪದ ಕೆಳಗೆ, ಬಸಲಿಂಗವ್ವ ಬರಿಗಾಲಲ್ಲಿ ಹೊರಗೆ ನಿಂತಿದ್ದಳು. ಸೆರಗನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿಕೊಂಡಿದ್ದಳು. ಸೆರಗು ಭಾರವಾಗಿ ಜೋತಿತ್ತು.

"ಡಬಲ್ ಲಾಕ್ ನಾನ ಹಾಕೇನಿ..." ಎಂದ ಶಶಿಧರ.

ಬಸಲಿಂಗವ್ವ ಹೊರಟವಳು ನಿಂತಳು, ಏನೋ ನೆನಪಾದವಳಂತೆ ತಿರುಗಿದಳು. ತೆರೆದ ಬಾಗಿಲ ಕಡೆ ಯಾರಿಗೋ ತಲೆಯಾಡಿಸಿ, ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು, ಬಹಳ ಜತನದಿಂದ, ಯಾರೂ ಇಲ್ಲದಲ್ಲಿ ಹಾಕಿದಳು. ಕಾಳುಗಳು ಹೊಸ್ತಿಲ ಮೇಲೆ ಚೆಲ್ಲಿದವು.

ರತ್ನವ್ವ ಫೋನಿನ ಮೇಲೆ ಬಗ್ಗಿದ್ದಳು. ಅವಳ ಕಣ್ಣೀರು ಆ ಗಾಜಿನ ಮೇಲೆ ಬಿತ್ತು.

"ನೋಡ್ರಿ..." ಎಂದಳು. "ಫಕೀರವ್ವ ಸೆರಗ ಒಡ್ಡಿ ನಿಂತಾಳ. ಉಡ್ಯಾಗ ಅಕ್ಕಿ ಇನ್ನೂ ನಿಂದರವಲ್ದು."